ಬೆಟ್ಟದಲ್ಲಿ ನೀರು ಬಿತ್ತುವ ಊರು

ಏಪ್ರಿಲ್ ಕೊನೆ, ಇಲ್ಲವೇ ಮೇ ಶುರು. ದಕ್ಷಿಣ ಸ್ಪೇನಿನ ಸಿಯೆರ್ರಾ ನೆವಾಡಾ ಬೆಟ್ಟಸಾಲಿನಲ್ಲಿ ಹಿಮ ಕರಗುವ ಹೊತ್ತು. ಊರಿಂದ ತುಂಬಾ ಮೇಲೆ, ಒಂದು ಮಣ್ಣಿನ ಕಾಲುವೆಯ ಪಕ್ಕ ಒಬ್ಬ ಮನುಷ್ಯ ಗುದ್ದಲಿ ಹಿಡಿದು ನಿಂತಿದ್ದಾನೆ. ಕಾಲುವೆಯ ಅಂಚಿನಲ್ಲಿ ಒಂದು ಚಪ್ಪಡಿಕಲ್ಲು. ಅದರ ಸಂದಿಗೆ ಹುಲ್ಲುಹೆಂಟೆ ತುರುಕಿ ನೀರು ಸೋರದ ಹಾಗೆ ಮಾಡಿದ್ದಾರೆ. ಅವನು ಹೆಂಟೆಯನ್ನು ಗುದ್ದಲಿಯಿಂದ ಕಿತ್ತು, ಕಲ್ಲನ್ನು ಪಕ್ಕಕ್ಕೆ ಸರಿಸುತ್ತಾನೆ. ನೀರು ಹೊರಗೆ ನುಗ್ಗುತ್ತದೆ. ಎಲ್ಲಿಗೆ ಅಂತೀರಾ? ತೋಟಕ್ಕೂ ಅಲ್ಲ, ತೊಟ್ಟಿಗೂ ಅಲ್ಲ. ಕಲ್ಲು ಮತ್ತು ಮುಳ್ಳುಗಿಡ ಬಿಟ್ಟರೆ ಬೇರೇನೂ ಇಲ್ಲದ ಬೋಳು ಇಳಿಜಾರಿಗೆ. ಅಲ್ಲಿ ಹರಡಿಕೊಂಡು, ಸ್ವಲ್ಪ ದೂರ ಹರಿದು, ನೆಲದೊಳಗೆ ಇಳಿದು ಕಾಣೆಯಾಗುತ್ತದೆ. ಅವನು ಒಂದು ಕ್ಷಣ ನಿಂತು ನೋಡಿ ಮುಂದಿನ ಬಾಯಿ ಬಿಡಿಸಲು ಹೊರಡುತ್ತಾನೆ.

ನೀರಿಗೆ ಕಷ್ಟಪಡುವ ಸೀಮೆಯಲ್ಲಿ ಹೀಗೆ ನೀರನ್ನು ಸುಮ್ನೆ ಚೆಲ್ಲುವುದು ಯಾಕೆ? ಈ ಲೇಖನ ಪೂರ್ತಿ ಇದೊಂದೇ ಪ್ರಶ್ನೆಯ ಬಗ್ಗೆ. ಉತ್ತರ ತಿಳಿದರೆ ಆ ಊರು ಅಲ್ಲಿ ಸಾವಿರ ವರ್ಷ ಹೇಗೆ ಉಳಿಯಿತು, ಈಗ ಯಾಕೆ ಕಷ್ಟದಲ್ಲಿದೆ ಎಂಬುದೂ ಗೊತ್ತಾಗುತ್ತದೆ.

ಊರಿನ ಹೆಸರು ಬೆರ್ಚುಲೆಸ್. ಗ್ರಾನಾಡಾ ಪ್ರಾಂತ್ಯದ ಅಲ್ಪುಹಾರ ಎಂಬ ಗುಡ್ಡಗಾಡಿನಲ್ಲಿದೆ. ಸಮುದ್ರ ಮಟ್ಟದಿಂದ ಸುಮಾರು 1,300 ಮೀಟರ್ ಮೇಲೆ. ಅಕ್ಕಪಕ್ಕದ ಅಲ್ಕೂತರ್ ಎಂಬ ಪುಟ್ಟ ಊರನ್ನೂ ಸೇರಿಸಿದರೆ ಜನಸಂಖ್ಯೆ 700ರ ಆಸುಪಾಸು. ಮನೆಗಳಿಗೆಲ್ಲ ಸುಣ್ಣದ ಬಿಳಿ ಬಣ್ಣ. ಗುಡ್ಡದ ಮೈಗೆ ಅಂಟಿಕೊಂಡು ಒಂದರ ಮೇಲೊಂದು ಮೆಟ್ಟಿಲಿನ ಹಾಗೆ ಕೂತಿವೆ. ಈ ಕಡೆಯ ಹಳೆಯ ಮನೆಗಳಿಗೆ ಹೆಂಚಿಲ್ಲ, ಸಪಾಟು ಮಾಳಿಗೆ. ಚೆಸ್ಟ್‌ನಟ್ ಮರದ ತೊಲೆ, ಅದರ ಮೇಲೆ ಚಪ್ಪಡಿಕಲ್ಲು, ಅದರ ಮೇಲೆ ಲೌನಾ ಎಂಬ ಬೂದು ಬಣ್ಣದ ಜೇಡಿಮಣ್ಣು. ಒದ್ದೆಯಾದರೆ ಈ ಮಣ್ಣು ಬಿಗಿಯಾಗಿ ಕೂತು ನೀರನ್ನು ಒಳಗೆ ಬಿಡುವುದಿಲ್ಲ. ಮಾಳಿಗೆ ಮನೆ ನೋಡಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ತನ್ನ ತಲೆಯ ಮೇಲೆ ಒಂದು ಹನಿ ಸೋರದ ಹಾಗೆ ನೋಡಿಕೊಂಡ ಜನವೇ ಬೆಟ್ಟದ ಮೇಲೆ ಬೇಕು ಅಂತಲೇ ಸೋರುವ ಕಾಲುವೆ ಕಟ್ಟಿದರು. ನನಗೆ ಈ ಊರಿನ ಮೇಲೆ ಅಕ್ಕರೆ ಹುಟ್ಟಿದ್ದೇ ಈ ಒಂದು ವಿಷಯದಿಂದ.

ಮೊದಲು ಅಲ್ಲಿನ ಹವೆ ಅರ್ಥವಾಗಬೇಕು, ಯಾಕೆಂದರೆ ಅದು ನಮ್ಮದಕ್ಕೆ ಪೂರ್ತಿ ತಿರುವುಮುರುವು. ನಮ್ಮಲ್ಲಿ ಬಿಸಿಲು ಹೆಚ್ಚಾಗಿ ನೆಲ ಕಾದ ಮೇಲೆ ಜೂನ್‌ನಲ್ಲಿ ಮಳೆ ಬರುತ್ತದೆ. ಅಲ್ಲಿ ಮಳೆ, ಹಿಮ ಎಲ್ಲ ಬೀಳುವುದು ಚಳಿಗಾಲದಲ್ಲಿ, ಅಂದರೆ ಪೈರಿಗೆ ನೀರು ಬೇಡದ ಕಾಲದಲ್ಲಿ. ಜುಲೈ, ಆಗಸ್ಟ್‌ನಲ್ಲಿ ಆಕಾಶದಿಂದ ಏನೂ ಬರುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಆಗಲೇ ಪೈರಿಗೆ ಬಾಯಾರಿಕೆ ಜಾಸ್ತಿ. ನಡುವೆ ಇರುವ ಒಂದೇ ಆಸರೆ ಬೆಟ್ಟದ ತಲೆಯ ಮೇಲಿನ ಹಿಮ. ಇಲ್ಲಿನ ಮುಲಾಸೆನ್ ಶಿಖರ 3,479 ಮೀಟರ್ ಎತ್ತರ, ಇಡೀ ಐಬೀರಿಯಾ ಪರ್ಯಾಯ ದ್ವೀಪದಲ್ಲೇ ಅದಕ್ಕಿಂತ ಎತ್ತರದ ಬೆಟ್ಟವಿಲ್ಲ.

ಆದರೆ ಹಿಮವನ್ನು ನಂಬಿ ಕೂರುವ ಹಾಗಿಲ್ಲ. ವಸಂತದಲ್ಲಿ ಬಿಸಿಲು ಏರಿದರೆ ಅದು ಕೆಲವೇ ವಾರಗಳಲ್ಲಿ ಕರಗಿ ಹೋಗುತ್ತದೆ. ಬೆಟ್ಟ ಕಡಿದಾದದ್ದು, ಸಮುದ್ರ ಹತ್ತಿರ. ಮೂರು ಸಾವಿರ ಮೀಟರ್ ಮೇಲಿನಿಂದ ಮೆಡಿಟರೇನಿಯನ್ ದಡಕ್ಕೆ ನೇರ ಗೆರೆ ಎಳೆದರೆ ಸುಮಾರು 35 ಕಿಲೋಮೀಟರ್ ಅಷ್ಟೇ. ಬೆರ್ಚುಲೆಸ್ ಮೇಲೆಯೇ ಹುಟ್ಟುವ ಗ್ವಾದಲ್ಫೆಯೊ ನದಿ ಇಳಿದು ಹೋಗುವುದೂ ಆ ದಡಕ್ಕೇ. ಬಿಟ್ಟರೆ ಮೇ ತಿಂಗಳ ನೀರೆಲ್ಲ ಓಡಿಹೋಗಿ ಸಮುದ್ರ ಸೇರುತ್ತದೆ. ಆಗಸ್ಟ್‌ನಲ್ಲಿ ಹಳ್ಳದಲ್ಲಿ ಕಲ್ಲು ಮಾತ್ರ.

ಅಣೆಕಟ್ಟು ಕಟ್ಟಬಹುದಿತ್ತಲ್ಲ ಅಂತ ಕೇಳಬಹುದು. ಕೆಳಗೆ ಕಟ್ಟಿದ್ದಾರೆ ಕೂಡ. ಗ್ವಾದಲ್ಫೆಯೊ ಮೇಲೆ ರೂಲೆಸ್ ಎಂಬ ಜಲಾಶಯ ಇದೆ. ಆದರೆ ಅದು ಊರಿಗಿಂತ ತುಂಬಾ ಕೆಳಗೆ. ಕೆಳಗಿನ ನೀರು ತಾನಾಗಿ ಮೇಲೆ ಹತ್ತಿ ಬರುವುದಿಲ್ಲ. ಮಲೆಯ ಮೇಲಿನ ಊರಿಗೆ ತನಗಿಂತ ಎತ್ತರದಲ್ಲಿ ಸಂಗ್ರಹ ಬೇಕು. ಅಲ್ಲಿ ಒಡ್ಡು ಹಾಕಲು ಅನುಕೂಲವಾದ ಜಾಗ ಕಡಿಮೆ, ಸಾವಿರ ವರ್ಷದ ಹಿಂದೆ ಅದಕ್ಕೆ ಬೇಕಾದ ಹಣವೂ ಯಂತ್ರವೂ ಇರಲಿಲ್ಲ.

ಆಗ ಅವರು ಕಂಡುಕೊಂಡ ತೊಟ್ಟಿ ಯಾವುದು ಅಂದರೆ, ಬೆಟ್ಟವೇ.

ಸಿಯೆರ್ರಾ ನೆವಾಡಾದ ನಡುಭಾಗ ಶಿಸ್ಟ್ ಎಂಬ ಕಲ್ಲಿನದು. ಕಾಗೆಬಂಗಾರದ ಹೊಳಪಿರುವ, ಪದರಪದರವಾಗಿ ಬಿಡಿಸಿಕೊಳ್ಳುವ ಕಲ್ಲು. ಆಳದಲ್ಲಿ ಇದು ಗಟ್ಟಿ, ನೀರು ಇಳಿಯಲು ಜಾಗ ಕಡಿಮೆ. ಆದರೆ ಮೇಲಿನ ಭಾಗ ಹಿಮ, ಬಿಸಿಲು, ಚಳಿಗೆ ಸಿಕ್ಕಿ ಬಿರುಕು ಬಿಟ್ಟು ಪುಡಿಪುಡಿಯಾಗಿದೆ. ಆ ಸಡಿಲ ಪದರದಲ್ಲಿ ನೀರು ಇಳಿಯುತ್ತದೆ, ಕೆಳಗಿನ ಗಟ್ಟಿ ಕಲ್ಲು ತಡೆಯುವುದರಿಂದ ಇನ್ನೂ ಆಳಕ್ಕೆ ಹೋಗದೆ ಇಳಿಜಾರಿನ ಉದ್ದಕ್ಕೂ ಒಳಗೊಳಗೇ ಜಾರುತ್ತದೆ. ಎಷ್ಟು ನಿಧಾನ ಅಂದರೆ, ಹಳ್ಳದಲ್ಲಾದರೆ ಗಂಟೆಗಳಲ್ಲಿ ಮುಗಿಯುವ ದಾರಿ ಈ ಕಲ್ಲಿನ ಸಂದಿಗಳಲ್ಲಿ ವಾರಗಟ್ಟಲೆ, ಕೆಲವು ಕಡೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಮೇ ತಿಂಗಳಲ್ಲಿ ಮೇಲೆ ಇಳಿದ ನೀರು ಜುಲೈ, ಆಗಸ್ಟ್‌ನಲ್ಲಿ ಕೆಳಗೆ ಒರತೆಯಾಗಿ ಹೊರಬರುತ್ತದೆ. ಸಮಯಕ್ಕೆ ಸರಿಯಾಗಿ!

ಇದನ್ನು ಮಾಡಿಸುವ ಕಾಲುವೆಗೆ ಅಲ್ಲಿ ಅಸೇಕಿಯಾ ದೆ ಕರೆಯೊ ಅಂತ ಹೆಸರು. ಅಸೇಕಿಯಾ ಅಂದರೆ ಕಾಲುವೆ, ಅರಬ್ಬಿ ಭಾಷೆಯಿಂದ ಸ್ಪ್ಯಾನಿಷ್‌ಗೆ ಬಂದ ಮಾತು. ಕರೆಯೊ ಅಂದರೆ ಅಲ್ಲಿನವರ ಬಾಯಲ್ಲಿ ಈ ಇಂಗಿಸುವ ಕೆಲಸ. ಎತ್ತರದಲ್ಲಿ ಹಳ್ಳಕ್ಕೆ ಕಲ್ಲಿನ ಸಣ್ಣ ಒಡ್ಡು ಹಾಕಿ ಕರಗಿದ ಹಿಮದ ನೀರನ್ನು ಪಕ್ಕಕ್ಕೆ ತಿರುಗಿಸುತ್ತಾರೆ. ಅಲ್ಲಿಂದ ಕಾಲುವೆ ಬೆಟ್ಟದ ಮೈಯನ್ನು ಬಳಸಿಕೊಂಡು, ತೀರಾ ಸಣ್ಣ ಇಳಿಜಾರಿನಲ್ಲಿ, ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿ ಸಾಗುತ್ತದೆ. ತಳಕ್ಕೆ ಗಾರೆ ಇಲ್ಲ, ಬರೀ ಮಣ್ಣು, ಕಲ್ಲು. ಹರಿಯುವ ದಾರಿಯುದ್ದಕ್ಕೂ ನೀರು ಇಂಗುತ್ತಲೇ ಹೋಗುತ್ತದೆ. ಇದರ ಜೊತೆಗೆ ನೀರನ್ನು ಚೆನ್ನಾಗಿ ಕುಡಿಯುವ ಕೆಲವು ಗುರುತಿನ ಜಾಗಗಳಿವೆ. ಅವಕ್ಕೆ ಸಿಮಾ ಅನ್ನುತ್ತಾರೆ. ಮೊದಲು ಹೇಳಿದ ಮನುಷ್ಯ ಚಪ್ಪಡಿ ಸರಿಸಿ ನೀರು ಬಿಟ್ಟದ್ದು ಅಂಥ ಜಾಗಕ್ಕೇ.

ಇಲ್ಲಿ ಒಂದು ಸಂದೇಹ ಬರುವುದು ಸಹಜ. ಹಳ್ಳದಲ್ಲೇ ಬಿಟ್ಟರೂ ನೀರು ಒಂದಿಷ್ಟು ಇಂಗುತ್ತದಲ್ಲ, ಕಾಲುವೆ ಯಾಕೆ? ಹಳ್ಳ ಕಣಿವೆಯ ತಳದಲ್ಲಿ ಗಟ್ಟಿ ಬಂಡೆಯ ಮೇಲೆ, ಇಕ್ಕಟ್ಟಾದ ಪಟ್ಟಿಯಲ್ಲಿ ಹರಿಯುತ್ತದೆ. ಅಲ್ಲಿ ನೆಲಕ್ಕೆ ನೀರು ತಾಗುವ ಜಾಗವೇ ಕಡಿಮೆ, ತಾಗಿದರೂ ಓಟ ಜೋರು. ಕಾಲುವೆ ಅದೇ ನೀರನ್ನು ಹಳ್ಳದಿಂದ ದೂರ ಕೊಂಡೊಯ್ದು ಬೆಟ್ಟದ ಭುಜದ ಮೇಲೆ, ಸಡಿಲ ಪದರ ದಪ್ಪಗಿರುವ ಕಡೆ ಇಳಿಸುತ್ತದೆ. ಅಲ್ಲಿಂದ ಊರಿನ ಒರತೆಯವರೆಗೆ ನೆಲದೊಳಗಿನ ದಾರಿ ಉದ್ದ. ಆ ಉದ್ದವೇ ಇಲ್ಲಿ ಬೇಕಾದದ್ದು. ದಾರಿ ಉದ್ದವಾದಷ್ಟೂ ನೀರು ತಡವಾಗಿ ಬರುತ್ತದೆ, ತಡವಾಗಿ ಬಂದಷ್ಟೂ ಬೇಸಿಗೆಗೆ ಸಿಗುತ್ತದೆ.

ಹೀಗೆ ಮರಳಿ ಹೊರಬರುವ ಒರತೆಗೆ ಅಲ್ಲಿ ರೆಮನೆಂತೆ ಅಂತ ಹೆಸರು. ಯಾವ ಸಿಮಾಕ್ಕೆ ನೀರು ಬಿಟ್ಟರೆ ಯಾವ ಒರತೆ ಏಳುತ್ತದೆ, ಎಷ್ಟು ದಿನಕ್ಕೆ ಏಳುತ್ತದೆ ಎಂಬುದು ಹಳಬರಿಗೆ ಗೊತ್ತು. ಇದನ್ನು ಯಾರೂ ಶಾಲೆಯಲ್ಲಿ ಕಲಿಸಲಿಲ್ಲ. ಬಿಟ್ಟು ನೋಡಿ, ಕಾದು ನೋಡಿ, ಮಕ್ಕಳಿಗೆ ತೋರಿಸಿ ಉಳಿಸಿಕೊಂಡದ್ದು. ಇತ್ತೀಚಿನ ವರ್ಷಗಳಲ್ಲಿ ಸ್ಪೇನಿನ ಭೂವಿಜ್ಞಾನ ಮತ್ತು ಗಣಿ ಸಂಸ್ಥೆಯ ಸಂಶೋಧಕರು ಬೆರ್ಚುಲೆಸ್‌ನ ಕಾಲುವೆಗಳಲ್ಲೇ ಅಳತೆ ಮಾಡಿ, ನೀರು ನಿಜಕ್ಕೂ ಹೀಗೆ ಕೂಡಿಟ್ಟುಕೊಂಡು ಬೇಸಿಗೆಯಲ್ಲಿ ಬರುತ್ತದೆ ಎಂದು ತೋರಿಸಿದರು. ಯುರೋಪಿನಲ್ಲಿ ಬೇಕೆಂದೇ ನೀರಿಂಗಿಸುವ ಪದ್ಧತಿಗಳಲ್ಲಿ ಇದೇ ಅತಿ ಹಳೆಯದು ಎಂಬುದು ಅವರ ಅಭಿಪ್ರಾಯ. ಈ ಕೆಲಸಕ್ಕೆ ಸ್ಪ್ಯಾನಿಷ್‌ನಲ್ಲಿ ಹೇಳುವ ಮಾತು ನನಗೆ ತುಂಬಾ ಇಷ್ಟ: ನೀರು ಬಿತ್ತುವುದು. ಪೆರುವಿನ ಆಂಡಿಸ್ ಬೆಟ್ಟಗಳಲ್ಲೂ ಇಂಥದೇ ಕಾಲುವೆಗಳಿವೆ, ಅವಕ್ಕೆ ಅಮುನಾ ಅನ್ನುತ್ತಾರೆ. ಅವು ಸ್ಪೇನಿನವರು ಅಲ್ಲಿಗೆ ಹೋಗುವುದಕ್ಕಿಂತ ಎಷ್ಟೋ ಮೊದಲಿನವು. ಎರಡು ಖಂಡದ ಬೆಟ್ಟದ ಜನ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ಉಪಾಯಕ್ಕೆ ಬಂದರು.

ಒರತೆಗೆ ಬಂದ ಮೇಲೆ ಎರಡನೇ ಹಂತ. ಕೆಳಗೆ ನೀರಾವರಿಯ ಕಾಲುವೆಗಳು ಬೇರೆ ಇವೆ. ಅವು ನೀರನ್ನು ಮೆಟ್ಟಿಲುಮೆಟ್ಟಿಲಾಗಿ ಕಟ್ಟಿದ ಹೊಲಗಳಿಗೆ ಒಯ್ಯುತ್ತವೆ. ನಡುವೆ ಅಲ್ಬೆರ್ಕಾ ಎಂಬ ಸಣ್ಣ ತೊಟ್ಟಿಗಳು. ರಾತ್ರಿ ತುಂಬಿಸಿ, ಬೆಳಿಗ್ಗೆ ಹರಿಸುವುದಕ್ಕೆ. ಯಾರಿಗೆ ಯಾವ ದಿನ, ಎಷ್ಟು ಹೊತ್ತು ಎಂಬ ಸರದಿ ಇದೆ. ನೀರಿನ ಹಕ್ಕಿರುವವರೆಲ್ಲ ಸೇರಿದ ಸಂಘ ಅದನ್ನು ನಡೆಸುತ್ತದೆ, ಅದು ನೇಮಿಸಿದ ಅಸೆಕಿಯೇರೊ ಸರದಿಯ ಪ್ರಕಾರ ತೂಬು ತೆಗೆದು ಮುಚ್ಚುತ್ತಾನೆ. ನಮ್ಮ ಕೋಲಾರ, ತುಮಕೂರು ಕಡೆಯವರಿಗೆ ಒಂದೇ ಮಾತಲ್ಲಿ ಹೇಳಬೇಕೆಂದರೆ, ಅವನು ಆ ಊರಿನ ನೀರಗಂಟಿ. ಬೆಟ್ಟದ ಮೇಲೆ ಗುದ್ದಲಿ ಹಿಡಿದು ನಿಂತಿದ್ದವನೂ ಅವನೇ.

ನೆಲದೊಳಗೆ ಅಷ್ಟು ದಿನ ಇದ್ದು ಬರುವ ನೀರು ಸೋಸಿಕೊಂಡು ಬರುತ್ತದೆ. ಕಲ್ಲಿನ ಖನಿಜವನ್ನೂ ಹೊತ್ತು ತರುತ್ತದೆ. ಅಲ್ಪುಹಾರದ್ದೇ ಆದ ಪೋರ್ತುಗೊಸ್ ಊರಲ್ಲಿ ಕಬ್ಬಿಣದಂಶ ತುಂಬಿದ ಒಂದು ಒರತೆ ಇದೆ. ಅದು ಹರಿದ ಬಂಡೆಯೆಲ್ಲ ತುಕ್ಕಿನ ಕೆಂಪು. ಲಾನ್ಹರೋನ್ ಊರಿನ ನೀರಂತೂ ಬಾಟಲಿಯಲ್ಲಿ ಇಡೀ ಸ್ಪೇನಿಗೆ ಹೋಗುತ್ತದೆ.

ಇದನ್ನೆಲ್ಲ ಕಟ್ಟಿದವರು ಯಾರು? ಇಂದು ಕಾಣುವ ಕಾಲುವೆ ಜಾಲದ ಬುಡ ಮಧ್ಯಯುಗದ್ದು. ಮುಸ್ಲಿಂ ಆಳ್ವಿಕೆಯ ಕಾಲದಲ್ಲಿ, ಅರಬ್ಬಿ ಮಾತಾಡುತ್ತಿದ್ದ ರೈತರು ಕಟ್ಟಿದ್ದು. ಗ್ರಾನಾಡಾ ರಾಜ್ಯ 1492ರಲ್ಲಿ ಕ್ಯಾಥಲಿಕ್ ದೊರೆಗಳ ಕೈಸೇರಿತು. ರೈತರು ಅಲ್ಲೇ ಉಳಿದರು. ಆಮೇಲೆ ಅವರನ್ನು ಮತಾಂತರ ಮಾಡಿದರು, ಅವರ ಭಾಷೆ, ಉಡುಗೆ, ಪದ್ಧತಿಗಳ ಮೇಲೆ ನಿಷೇಧ ಬಂತು. 1568ರ ಕ್ರಿಸ್‌ಮಸ್ ಹೊತ್ತಿಗೆ ಅಲ್ಪುಹಾರದ ಊರುಗಳು ದಂಗೆ ಎದ್ದವು. ಎರಡು ವರ್ಷಕ್ಕೂ ಮಿಕ್ಕಿ ಭೀಕರ ಯುದ್ಧ ನಡೆಯಿತು. ದಂಗೆಯ ಕೊನೆಯ ನಾಯಕ ಅಬೆನ್ ಅಬೋ 1571ರಲ್ಲಿ ಕೊಲೆಯಾದದ್ದು ಬೆರ್ಚುಲೆಸ್ ಸೀಮೆಯ ಒಂದು ಗುಹೆಯಲ್ಲಿ, ತನ್ನ ಕಡೆಯವರ ಕೈಯಲ್ಲೇ.

ಯುದ್ಧ ಮುಗಿಯುವ ಹೊತ್ತಿಗೆ ಆ ರೈತರನ್ನು ಊರಿಂದೂರಿಗೆ ಎಬ್ಬಿಸಿ ಗ್ರಾನಾಡಾ ಸೀಮೆಯಿಂದಲೇ ಹೊರಗೆ ಸಾಗಿಸಿದರು. ಖಾಲಿಯಾದ ಮನೆಗಳಿಗೆ ಉತ್ತರದ ಗಲೀಸಿಯಾ, ಲಿಯೋನ್, ಕ್ಯಾಸ್ಟೀಲ್ ಕಡೆಯಿಂದ ಹೊಸಬರನ್ನು ತಂದರು. ಗಲೀಸಿಯಾ ಅಂದರೆ ಮಳೆಯ ನಾಡು, ಅಲ್ಲಿಂದ ಬಂದವನಿಗೆ ಈ ಕಾಲುವೆ ಏನು ಗೊತ್ತಾಗಬೇಕು? ಪ್ರತಿ ಊರಲ್ಲೂ ಹಳೆಯ ಎರಡು ಮನೆಯವರನ್ನು ಉಳಿಸಿಕೊಂಡರು, ಹೊಸಬರಿಗೆ ನೀರಿನ ಕೆಲಸ ಕಲಿಸಲಿ ಅಂತ, ಎಂದು ಅಲ್ಪುಹಾರದಲ್ಲಿ ಇಂದಿಗೂ ಹೇಳುತ್ತಾರೆ. ಕಾಗದದಲ್ಲಿ ಉಳಿದದ್ದು ಬೇರೆ. ಹೊಸಬರಿಗೆ ಜಮೀನು ಹಂಚುವಾಗ ಅಧಿಕಾರಿಗಳು ಹೊಲ, ಮರ, ಗಿರಣಿ, ನೀರಿನ ಪದ್ಧತಿ ಎಲ್ಲವನ್ನೂ ದಪ್ಪ ದಪ್ಪ ದಾಖಲೆ ಪುಸ್ತಕಗಳಲ್ಲಿ ಬರೆಸಿದರು. ಮೊದಲು ಹೇಗೆ ನಡೆಯುತ್ತಿತ್ತೋ ಹಾಗೇ ನಡೆಯಲಿ ಎಂಬುದು ಅದರ ಉದ್ದೇಶ. ಜನರನ್ನು ಓಡಿಸಿದ ರಾಜ್ಯವೇ ಅವರ ನೀರಿನ ಕಟ್ಟಳೆಯನ್ನು ಮುಟ್ಟದೆ ಉಳಿಸಿಕೊಂಡಿತು. ಅದಿಲ್ಲದೆ ಅಲ್ಲಿ ಬದುಕಲು ಬೇರೆ ದಾರಿ ಇರಲಿಲ್ಲ. ಅಷ್ಟಾದರೂ ಎಷ್ಟೋ ಊರುಗಳು ಮತ್ತೆ ತುಂಬಲೇ ಇಲ್ಲ. ಓದಿದಾಗಲೆಲ್ಲ ನನಗೆ ಹೊಟ್ಟೆ ತೊಳಸುವ ಅಧ್ಯಾಯ ಇದು.

ಎರಡನೇ ಸಲ ಊರು ಖಾಲಿಯಾದದ್ದು ಯುದ್ಧದಿಂದಲ್ಲ. 1950ರ ದಶಕದಿಂದ ಮುಂದೆ ಜನ ಕೂಲಿ ಹುಡುಕಿಕೊಂಡು ಬಾರ್ಸಿಲೋನಾಕ್ಕೆ, ಜರ್ಮನಿಗೆ, ಫ್ರಾನ್ಸಿಗೆ ಹೋದರು. ಆಮೇಲೆ ಕೆಳಗಿನ ಅಲ್ಮೆರಿಯಾ ಬಯಲಿನಲ್ಲಿ, ಎಲ್ ಎಹೀದೊ ಸುತ್ತಮುತ್ತ, ಅಂತರ್ಜಲ ಪಂಪು ಮಾಡಿ ಪ್ಲಾಸ್ಟಿಕ್ ಚಪ್ಪರದ ಕೆಳಗೆ ತರಕಾರಿ ಬೆಳೆಯುವ ದೊಡ್ಡ ಉದ್ಯಮ ಬಂತು. ಬೆಟ್ಟದ ಊರಿನ ಎಷ್ಟೋ ಮನೆಗಳ ಹುಡುಗರು ಅಲ್ಲಿಗೆ ಇಳಿದರು. ಮೆಟ್ಟಿಲು ಹೊಲದಲ್ಲಿ ಟ್ರ್ಯಾಕ್ಟರ್ ತಿರುಗುವುದಿಲ್ಲ, ಹೇಸರಗತ್ತೆ ಕಟ್ಟಿ ಉಳುವ ಬೆಳೆಗೆ ಮಾರುಕಟ್ಟೆಯಲ್ಲಿ ಬೆಲೆ ಇಲ್ಲ. ಅವರನ್ನು ದೂರುವ ಹಾಗಿಲ್ಲ.

ಬೆರ್ಚುಲೆಸ್‌ನ ಹೆಸರು ಸ್ಪೇನಿನಲ್ಲಿ ಹೆಚ್ಚು ಜನಕ್ಕೆ ಗೊತ್ತಿರುವುದು ಬೇರೆಯದೇ ಕಾರಣಕ್ಕೆ. 1994ರ ಡಿಸೆಂಬರ್ 31ರ ರಾತ್ರಿ ಊರಿಗೆ ಕರೆಂಟು ಹೋಯಿತು. ಹೊಸ ವರ್ಷದ ಗಂಟೆಗೆ ಸರಿಯಾಗಿ ಹನ್ನೆರಡು ದ್ರಾಕ್ಷಿ ತಿನ್ನುವುದು ಅಲ್ಲಿನ ಸಂಪ್ರದಾಯ, ಅದು ಆ ವರ್ಷ ಕೆಟ್ಟಿತು. ಊರವರು ಮುಂದಿನ ಆಗಸ್ಟ್‌ನಲ್ಲಿ ಹೊಸ ವರ್ಷ ಮಾಡಿದರು. ಹೊರಗೆ ದುಡಿಯುವವರೆಲ್ಲ ರಜೆಗೆ ಮನೆಗೆ ಬರುವುದು ಆಗಸ್ಟ್‌ನಲ್ಲೇ ಅಲ್ವಾ. ಅಂದಿನಿಂದ ಪ್ರತಿ ವರ್ಷ ಆಗಸ್ಟ್ ಮೊದಲ ವಾರಾಂತ್ಯದಲ್ಲಿ, ಸೆಕೆಯಲ್ಲಿ, ಸಾವಿರಾರು ಜನ ಸೇರಿ ದ್ರಾಕ್ಷಿ ತಿನ್ನುತ್ತಾರೆ. ಬೀದಿಯ ಕಾರಂಜಿಯಲ್ಲಿ ಅಷ್ಟು ಜನ ಬೊಗಸೆಯೊಡ್ಡಿ ಕುಡಿಯುವ ತಣ್ಣನೆಯ ನೀರು ಮೇ ತಿಂಗಳಲ್ಲಿ ಯಾರೋ ಒಬ್ಬರು ಮೇಲೆ ಹೋಗಿ ಬಿತ್ತಿದ್ದು.

ತೊಂದರೆ ಇರುವುದು ಇಲ್ಲೇ. ಆಗಸ್ಟ್‌ಗೆ ಬರುವವರು ಮೇ ತಿಂಗಳಲ್ಲಿ ಇರುವುದಿಲ್ಲ. ಕಾಲುವೆ ಒಂದು ಸಲ ಕಟ್ಟಿ ಮರೆಯುವಂಥದ್ದಲ್ಲ. ಚಳಿಗಾಲದಲ್ಲಿ ಗುಡ್ಡ ಜರಿದು ಕಲ್ಲು ಬೀಳುತ್ತದೆ, ಹೂಳು ತುಂಬುತ್ತದೆ, ಬೇರು ನುಗ್ಗಿ ಅಂಚು ಒಡೆಯುತ್ತದೆ. ಪ್ರತಿ ವಸಂತದಲ್ಲಿ ಮೈಲುಗಟ್ಟಲೆ ನಡೆದು ಕೈಯಿಂದಲೇ ತೆಗೆಯಬೇಕು. ಹಿಂದೆ ಹಕ್ಕಿರುವ ಪ್ರತಿ ಮನೆಯಿಂದ ಆಳು ಬರುತ್ತಿತ್ತು. ಈಗ ಹೊಲ ಮಾಡುವವರಲ್ಲಿ ಎಷ್ಟೋ ಜನ ಅರವತ್ತು, ಎಪ್ಪತ್ತು ದಾಟಿದವರು. ಸಿಯೆರ್ರಾ ನೆವಾಡಾದ ಕಾಲುವೆಗಳೆಲ್ಲ ಸೇರಿದರೆ ಸಾವಿರಾರು ಕಿಲೋಮೀಟರ್ ಆಗುತ್ತದೆ, ಅದರಲ್ಲಿ ಒಂದಷ್ಟು ಭಾಗ ಬಿಟ್ಟೇ ಹೋಗಿದೆ. ಕಾಲುವೆ ಬಿಟ್ಟ ಕೆಲವು ವರ್ಷಕ್ಕೆ ಕೆಳಗೆ ಒರತೆ ಸಣ್ಣದಾಗುತ್ತದೆ. ದನ ಕುರಿಗೆ ಮೇಲೆ ಹಸಿರು ಸಿಗುವುದಿಲ್ಲ, ಉಳಿದ ರೈತನೂ ಸೋಲುತ್ತಾನೆ. ಜನ ಹೋದದ್ದಕ್ಕೆ ನೀರು ಹೋಗುತ್ತದೆ, ನೀರು ಹೋದದ್ದಕ್ಕೆ ಮತ್ತಷ್ಟು ಜನ ಹೋಗುತ್ತಾರೆ. 2019ರ ಮಾರ್ಚ್‌ನಲ್ಲಿ ಖಾಲಿಯಾಗುತ್ತಿರುವ ಹಳ್ಳಿಗಳ ಜನ ಮ್ಯಾಡ್ರಿಡ್‌ನಲ್ಲಿ ದೊಡ್ಡ ಮೆರವಣಿಗೆ ಮಾಡಿದರು. ಆಸ್ಪತ್ರೆ, ಶಾಲೆ, ರಸ್ತೆ, ಇಂಟರ್‌ನೆಟ್ ಕೇಳಿದರು. ಬೆಟ್ಟದ ಊರಿನ ಮಟ್ಟಿಗೆ ಆ ಬೇಡಿಕೆಯೊಳಗೆ ನೀರೂ ಸೇರಿದೆ ಅಂತ ನಾನು ಓದಿಕೊಳ್ಳುತ್ತೇನೆ. ಶಾಲೆ ಮುಚ್ಚಿದ ಊರಲ್ಲಿ ಕಾಲುವೆ ತೆಗೆಯುವ ವಯಸ್ಸಿನವರು ಉಳಿಯುವುದಿಲ್ಲ.

ಇನ್ನೊಂದು ಪೆಟ್ಟು ಒಳ್ಳೆಯ ಉದ್ದೇಶದಿಂದಲೇ ಬಂದದ್ದು. ಮಣ್ಣಿನ ಕಾಲುವೆಯಲ್ಲಿ ನೀರು ಸೋರಿಹೋಗುತ್ತದೆ, ಇದು ಪೋಲು, ಸಿಮೆಂಟ್ ಹಾಕಿ, ಪೈಪ್ ಹಾಕಿ, ಹನಿ ನೀರಾವರಿ ಮಾಡಿ ಅಂತ ಸರ್ಕಾರದ ಸಹಾಯಧನ ಬಂತು. ಒಂದು ಹೊಲವನ್ನು ಮಾತ್ರ ನೋಡಿದರೆ ಲೆಕ್ಕ ಸರಿ. ತುದಿಯಿಂದ ತುದಿಗೆ ಹನಿ ಸೋರದೆ ನೀರು ಬಂತು, ಶ್ರಮವೂ ಉಳಿಯಿತು. ಆದರೆ ಆ ಸೋರಿದ ನೀರು ಎಲ್ಲಿ ಹೋಗುತ್ತಿತ್ತು ಅಂತ ಒಮ್ಮೆ ಹಿಂಬಾಲಿಸಿ ನೋಡಿ. ಕಾಲುವೆಯ ಅಂಚಿನ ಚೆಸ್ಟ್‌ನಟ್ ಮರ ಅದನ್ನೇ ಕುಡಿದು ನೆರಳು ಕೊಡುತ್ತಿತ್ತು. ಅದರ ಕೆಳಗಿನ ಓಕ್ ಕಾಡು ಬೇಸಿಗೆಯಲ್ಲಿ ಹಸಿರಾಗಿ ಇದ್ದದ್ದು ಅದರಿಂದ. ಬೇರುಗಳು ಆ ಇಳಿಜಾರಿನ ಮಣ್ಣನ್ನು ಹಿಡಿದಿಟ್ಟಿದ್ದವು. ಉಳಿದದ್ದು ಇನ್ನೂ ಕೆಳಗಿನ ಊರಿನ ಒರತೆಗೆ ಹೋಗುತ್ತಿತ್ತು, ಅಲ್ಲಿನವರು ಅದನ್ನು ಮತ್ತೊಮ್ಮೆ ಹೊಲಕ್ಕೆ ಹಾಯಿಸುತ್ತಿದ್ದರು. ಒಂದೇ ನೀರು ಬೆಟ್ಟ ಇಳಿಯುವಷ್ಟರಲ್ಲಿ ಹಲವು ಸಲ ಕೆಲಸಕ್ಕೆ ಬರುತ್ತಿತ್ತು. ಪೈಪ್ ಅದನ್ನು ಒಂದೇ ಸಲಕ್ಕೆ ನಿಲ್ಲಿಸಿತು. ಹನಿ ನೀರಾವರಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಈಗ ಬೆರ್ಚುಲೆಸ್‌ನ ರೈತರು ಬೇಸಿಗೆಯಲ್ಲಿ ಚೆರ್ರಿ ಟೊಮೆಟೊ ಬೆಳೆದು ನಾಲ್ಕು ಕಾಸು ನೋಡುತ್ತಿರುವುದಕ್ಕೆ ಅದೂ ಸಹಾಯ ಮಾಡಿದೆ. ಕೆಳಗೆ ಹೊಲದಲ್ಲಿ ಪೈಪ್ ಇರಲಿ. ಮೇಲಿನ ಇಂಗಿಸುವ ಕಾಲುವೆಗೆ ಸಿಮೆಂಟ್ ಹಾಕುವುದು ಮಾತ್ರ ತೊಟ್ಟಿಗೆ ನೀರು ಬರುವ ಬಾಯಿಯನ್ನೇ ಮುಚ್ಚಿದ ಹಾಗೆ.

ಹಿಮವೂ ಮೊದಲಿನ ಹಾಗಿಲ್ಲ. ಕಡಿಮೆ ಬೀಳುವ ವರ್ಷಗಳು ಬರುತ್ತಿವೆ, ಬಿದ್ದದ್ದು ಬೇಗ ಕರಗುತ್ತಿದೆ. ಇಲ್ಲದ ನೀರನ್ನು ಕಾಲುವೆ ಹುಟ್ಟಿಸಲಾರದು. ಆದರೆ ಹಿಮ ಬೇಗ ಕರಗಿದಷ್ಟೂ ಅದನ್ನು ಬೇಸಿಗೆಯವರೆಗೆ ತಡೆದಿಡುವ ಉಪಾಯದ ಅಗತ್ಯ ಹೆಚ್ಚು. ಬೆಟ್ಟದ ಮೇಲೆ ಅಂಥ ಉಪಾಯ ಈಗಾಗಲೇ ಅಗೆದಿಟ್ಟು ತಯಾರಿದೆ.

ಇದು ಗೊತ್ತಾಗಿ ಕೆಲವರು ಕೈಹಾಕಿದ್ದಾರೆ. ಗ್ರಾನಾಡಾ ವಿಶ್ವವಿದ್ಯಾಲಯದ ಪುರಾತತ್ವ ತಜ್ಞ ಹೋಸೆ ಮಾರಿಯಾ ಮಾರ್ತಿನ್ ಸಿವಾಂತೊಸ್ ಮತ್ತು ಅವರ ತಂಡ 2014ರಲ್ಲಿ ಅಲ್ಪುಹಾರದ ಕಾನ್ಯಾರ್ ಊರಿನವರ ಜೊತೆ ಸೇರಿ, ದಶಕಗಳಿಂದ ಬಿಟ್ಟುಹೋಗಿದ್ದ ಒಂದು ಕಾಲುವೆಯನ್ನು ಮತ್ತೆ ತೆರೆದರು. ವಿದ್ಯಾರ್ಥಿಗಳು, ಸ್ವಯಂಸೇವಕರು, ಊರ ಹಿರಿಯರು ಒಟ್ಟಿಗೆ ಗುದ್ದಲಿ ಹಿಡಿದರು. ಆಮೇಲೆ ಬೇರೆ ಊರುಗಳಲ್ಲೂ ಈ ಕೆಲಸ ನಡೆಯಿತು. ಹೊರಗಿಂದ ಬಂದವರಲ್ಲಿ ತೋಳ್ಬಲ ಇತ್ತು. ಪೊದೆಯೊಳಗೆ ಮುಚ್ಚಿಹೋದ ಕಾಲುವೆ ಎಲ್ಲಿ ತಿರುಗುತ್ತದೆ, ಚಪ್ಪಡಿಯನ್ನು ಯಾವ ಕೋನದಲ್ಲಿ ನಿಲ್ಲಿಸಬೇಕು, ಹೆಂಟೆಯ ಹುಲ್ಲಿನ ಬದಿ ಯಾವ ಕಡೆ ಇರಬೇಕು, ಯಾವ ಸಿಮಾ ಯಾವ ಒರತೆಗೆ ಎಂಬುದನ್ನು ಹೇಳಲು ಆ ಹಿರಿಯರೇ ಬೇಕಿತ್ತು. 1571ರ ನಂತರ ಹೊಸದಾಗಿ ಬಂದ ಗಲೀಸಿಯಾದವನಿಗೂ ಹೀಗೇ ಯಾರೋ ಪಕ್ಕದಲ್ಲಿ ನಿಂತು ತೋರಿಸಿದ್ದಿರಬೇಕು.

ಬೇಸಿಗೆ ಬಲಿತು ಹಿಮದ ನೀರು ಇಳಿಮುಖವಾದಾಗ ಇಂಗಿಸುವ ಕೆಲಸ ನಿಲ್ಲುತ್ತದೆ. ಅಸೆಕಿಯೇರೊ ಮತ್ತೆ ಮೇಲೆ ಹತ್ತುತ್ತಾನೆ. ಚಪ್ಪಡಿಯನ್ನು ಮೊದಲಿನ ಜಾಗಕ್ಕೆ ಸರಿಸಿ, ಪಕ್ಕದ ಒದ್ದೆ ನೆಲದಿಂದ ಎರಡು ಹೆಂಟೆ ಕಡಿದು ಸಂದಿಗೆ ಒತ್ತಿ, ಕಾಲಿನಿಂದ ಮೆಟ್ಟಿ ಬಿಗಿ ಮಾಡುತ್ತಾನೆ. ಉಳಿದ ನೀರು ಇನ್ನು ನೇರ ಹೊಲದ ಕಡೆ. ಬಿತ್ತಿದ ನೀರು ಆಗ ಅವನ ಕಾಲ ಕೆಳಗೆ, ಕಲ್ಲಿನ ಸಂದಿಗಳಲ್ಲಿ, ಊರಿನ ಕಡೆ ಇಳಿಯುತ್ತಿರುತ್ತದೆ.